ಮೂಲವೇ ಇಲ್ಲದ ಮೇಲೆ ‘ಹೆಚ್ಚುವರಿ’ ಎಲ್ಲಿಯದು?

ಶಿಕ್ಷಕರ ದಿನಾಚರಣೆ ಬಂತೆಂದರೆ ಗುರುವನ್ನು ಹೊಗಳುವ ಭಾಷಣಗಳಿಗೆ ಬರವಿಲ್ಲ. ಅದೇ ಗುರುವಿಗೆ ಅರುವತ್ತಾದ ಮೇಲೆ ಅಕ್ಕಿಗೆ, ಔಷಧಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಯಾವ ಭಾಷಣಕಾರನೂ ಕೇಳುವುದಿಲ್ಲ. ಕೇಳುವವನು ವಿಮಾ ಏಜೆಂಟ್ ಒಬ್ಬನೇ. ‘ಮೇಡಂ, ಹೆಚ್ಚುವರಿ ಪಿಂಚಣಿಗೆ ಈಗಲೇ ಉಳಿತಾಯ ಶುರು ಮಾಡಿ’ ಎನ್ನುತ್ತಾನೆ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಯಶವಂತಪುರದ ಅನುದಾನರಹಿತ ಶಾಲೆಗಳ ಶಿಕ್ಷಕಿಯರಿಗೆ ಈ ಉಪದೇಶ ಮಾಡುವವರನ್ನು ನಾವು ಕೇಳಬೇಕಾಗಿದೆ: ಹೆಚ್ಚುವರಿಯ ಮಾತು ಇರಲಿ, ಮೂಲ ಎಲ್ಲಿದೆ?

2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದ ಸರಕಾರಿ ಶಿಕ್ಷಕರು ಹಳೆಯ ಪಿಂಚಣಿ ಕಳೆದುಕೊಂಡರು. ಅದು ಅನ್ಯಾಯವೇ. ಆದರೂ ಅವರ ಖಾತೆಗೆ ಸರಕಾರ ತನ್ನ ಪಾಲು ಕಟ್ಟುತ್ತದೆ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸ ನಿಲ್ಲಿಸಿದಾಗ ಹಳೆ ಪಿಂಚಣಿಯೂ ಬೇಡಿಕೆಯಾಗಿತ್ತು. ಖಾಸಗಿ ಶಾಲೆಯ ಶಿಕ್ಷಕಿ ಯಾರ ಮುಂದೆ ಕೆಲಸ ನಿಲ್ಲಿಸಬೇಕು?

ಅವಳಿಗೆ ಕಾನೂನು ಕೊಟ್ಟಿರುವ ಮೂಲವೆಂದರೆ ಭವಿಷ್ಯನಿಧಿ. 1982ರಲ್ಲಿಯೇ ಶಿಕ್ಷಣ ಸಂಸ್ಥೆಗಳು ಇದರ ವ್ಯಾಪ್ತಿಗೆ ಬಂದವು. ಇಪ್ಪತ್ತು ಜನ ಸಿಬ್ಬಂದಿ ಇದ್ದರೆ ಸಾಕು, ಪಿ.ಎಫ್. ಕಟ್ಟಬೇಕು. ಯಲಹಂಕದ ಹೆಸರಿನಲ್ಲೇ ಒಂದು ಪ್ರಾದೇಶಿಕ ಕಚೇರಿ ಇದೆ. ಆಡಳಿತದ ಪಾಲಿನ ಶೇ. 12ರಲ್ಲಿ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಲೆಕ್ಕ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯಂತೆ 14 ವರ್ಷ ದುಡಿದವಳಿಗೆ ತಿಂಗಳಿಗೆ 3,000 ರೂಪಾಯಿ. ಇದೇ ಅಲ್ಪ. ಕೈಗೆ 18 ಸಾವಿರ ಕೊಟ್ಟು ಕಡತದಲ್ಲಿ 10 ಸಾವಿರ ಮೂಲವೇತನ, ಉಳಿದದ್ದು ಭತ್ಯೆ ಎಂದು ಬರೆದರೆ ಅದೂ 2,000ಕ್ಕೆ ಇಳಿಯುತ್ತದೆ. ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆಯನ್ನು ಪಿ.ಎಫ್. ಲೆಕ್ಕದಿಂದ ಹೊರಗಿಡಲಾಗದು ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿತು. ಆ ತೀರ್ಪಿಗೆ ಕಾರಣವಾದ ಪ್ರಕರಣಗಳಲ್ಲಿ ಒಂದು ವಿವೇಕಾನಂದ ವಿದ್ಯಾಮಂದಿರ ಎಂಬ ಶಾಲೆಯದ್ದು. ನಮ್ಮ ಆಡಳಿತ ಮಂಡಳಿಗಳು ಅದನ್ನು ಓದಿಲ್ಲವೆಂದು ನಂಬುವುದು ಕಷ್ಟ.

ಹೆಚ್ಚುವರಿ ಉಳಿತಾಯದ ದಾರಿಗಳೂ ಈ ಮೂಲಕ್ಕೇ ತಗಲಿಕೊಂಡಿವೆ. ಸ್ವಯಂಪ್ರೇರಿತ ಭವಿಷ್ಯನಿಧಿಗೆ ಶೇ. 12ಕ್ಕಿಂತ ಹೆಚ್ಚು ಕಟ್ಟಬಹುದು. 2024-25ರಲ್ಲಿ ಅದಕ್ಕೆ ಶೇ. 8.25 ಬಡ್ಡಿ ದೊರೆಯಿತು. ಆದರೆ ಶಾಲೆಯಲ್ಲಿ ಪಿ.ಎಫ್. ಇಲ್ಲದಿದ್ದರೆ ಈ ಬಾಗಿಲೂ ಇಲ್ಲ. ಇದ್ದರೂ ಆ ಹಣ ಕೊನೆಗೆ ಇಡುಗಂಟಾಗಿ ಬರುತ್ತದೆಯೇ ಹೊರತು ತಿಂಗಳ ಪಿಂಚಣಿಯನ್ನು ಒಂದು ರೂಪಾಯಿಯೂ ಹೆಚ್ಚಿಸುವುದಿಲ್ಲ. 2009ರಿಂದ ಎಲ್ಲರಿಗೂ ತೆರೆದಿರುವ ಎನ್.ಪಿ.ಎಸ್. ಖಾತೆಯನ್ನು ಯಾರ ಹಂಗೂ ಇಲ್ಲದೆ ತೆರೆಯಬಹುದು ನಿಜ. ಅಲ್ಲಿ ಆಡಳಿತದ ಪಾಲಿಲ್ಲ, ಮಾರುಕಟ್ಟೆ ಇಳಿದರೆ ನಷ್ಟ ಅವಳದೇ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಏಜೆಂಟನ ಪಾಲಿಸಿಗಿಂತ ಮೇಲು. ಮೂಲದ ಹಕ್ಕನ್ನು ಬಿಟ್ಟುಕೊಟ್ಟು ಇವುಗಳ ಹಿಂದೆ ಹೋದರೆ ಆಡಳಿತ ಉಳಿಸಿಕೊಂಡ ಹಣವನ್ನು ಶಿಕ್ಷಕಿ ತನ್ನ ಹೊಟ್ಟೆ ಕಟ್ಟಿ ತುಂಬಿದಂತಾಗುತ್ತದೆ.

ನಮ್ಮ ಸಮುದಾಯದ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ‘ಇದು ಖಿದ್ಮತ್, ಸಂಬಳದ ಲೆಕ್ಕ ಹಾಕಬಾರದು’ ಎನ್ನುವ ಟ್ರಸ್ಟಿಗಳು ಶುಲ್ಕದ ಲೆಕ್ಕ ಮಾತ್ರ ಚೆನ್ನಾಗಿಯೇ ಹಾಕುತ್ತಾರೆ! ಪಿ.ಎಫ್.ನಲ್ಲಿ ಬಡ್ಡಿ ಇದೆ ಎಂಬ ನೆಪವನ್ನೂ ಕೇಳಿದ್ದೇವೆ. ಕಡ್ಡಾಯ ಕಡಿತದ ಮೇಲೆ ಸೇರುವ ಹಣ ವೇತನದ್ದೇ ಭಾಗ ಎನ್ನುವ ವಿದ್ವಾಂಸರಿದ್ದಾರೆ. ಸ್ವಇಚ್ಛೆಯಿಂದ ಹೆಚ್ಚು ಕಟ್ಟುವ ಬಗ್ಗೆ ಭಿನ್ನಾಭಿಪ್ರಾಯವಿದೆ. ಅದನ್ನು ತೀರ್ಮಾನಿಸಬೇಕಾದವಳು ಶಿಕ್ಷಕಿ. ಮಾಲಿಕನ ಪಾಲು ಅವಳ ಬೆವರಿನ ಹಣ, ಅದನ್ನು ತಡೆಹಿಡಿಯಲು ಧರ್ಮವನ್ನು ಅಡ್ಡ ತರುವುದು ಯಾವ ಧರ್ಮ?

ಭದ್ರವಾದ ದಾರಿ ಮುಚ್ಚಿದರೆ ಜನ ಎಲ್ಲಿ ಹೋಗುತ್ತಾರೆಂಬುದನ್ನು ಬೆಂಗಳೂರು ಕಂಡಿದೆ. ‘ಹಲಾಲ್ ಲಾಭ’ದ ಆಸೆ ತೋರಿಸಿದ ಶಿವಾಜಿನಗರದ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳ ಮುಪ್ಪಿನ ಗಂಟು ಅದರೊಳಗಿತ್ತು. ಸರಕಾರಿ ಶಾಲೆಯೊಂದನ್ನು ದತ್ತು ಪಡೆದು ಹೆಸರು ಗಳಿಸಿದ್ದ ಕಂಪೆನಿ ಅದು.

ಗ್ರಾಚ್ಯುಟಿಯ ಕಥೆಯನ್ನೂ ಹೇಳಬೇಕು. ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ‘ನೌಕರ’ರೇ ಅಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಹಕ್ಕು ನೀಡಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು; 2022ರ ಆಗಸ್ಟ್‌ನಲ್ಲಿ ಸೋತವು. ವರ್ಷಕ್ಕೆ ಹದಿನೈದು ದಿನದ ವೇತನ ತಪ್ಪಿಸಲು ಇಷ್ಟು ದೀರ್ಘ ಹೋರಾಟ! ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಮತ್ತೆ ಹೊಸ ಆದೇಶ ಕೊಡುವ ಚಾಳಿ ಯಾತಕ್ಕೆಂದು ಈಗ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವಾಗ ಆಡಳಿತ ಮಂಡಳಿಗಳು ಶುಲ್ಕದ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಹಾಳೆ ಅಂಟಿಸಲಿ: ಎಷ್ಟು ಶಿಕ್ಷಕರು, ಎಷ್ಟು ಮಂದಿಗೆ ಪಿ.ಎಫ್., ಯಾವ ವೇತನದ ಮೇಲೆ. ಮಕ್ಕಳನ್ನು ಸೇರಿಸಲು ಬರುವ ತಂದೆತಾಯಂದಿರು ಅದನ್ನು ಕೇಳಿಯೇ ಹಣ ಕಟ್ಟಲಿ.