ಬುಟ್ಟಿಗೆ ವೇದಿಕೆ, ಹೆಣೆದವರಿಗೆ ಹೆಸರೂ ಇಲ್ಲವಾ?

ಅಮೆರಿಕದ ನವಾಹೋ ಬುಡಕಟ್ಟಿನ ಚಾರ್ಲಿ ವಿಲೆಟೋ ತಾವೇ ಕಲಿತು ಮರದ ಗೊಂಬೆ ಕೆತ್ತಿದರು, ದಿನಸಿಗೆ ಬದಲಾಗಿ ಅಂಗಡಿಗೆ ಕೊಟ್ಟರು. 1964ರಲ್ಲಿ ತೀರಿಕೊಂಡರು. ಇವತ್ತು ಆ ಗೊಂಬೆಗಳು ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿವೆ, ಅವರ ಹೆಸರಿನ ಜೊತೆ.

ನಮ್ಮಲ್ಲಿ? ಕೊರಗರು ಕಾಡಿನ ಬೂರು ತಂದು ಬುಟ್ಟಿ, ಕುರುವೆ ಹೆಣೆದರು. ಹಿರಿಯರ ಕೈ ನೋಡಿಯೇ ಕಲಿತದ್ದು. ಅವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ನಿಲ್ಲಿಸಲಿಕ್ಕೆ 2000ನೇ ಇಸವಿಯಲ್ಲಿ ಕಾಯ್ದೆಯೇ ಬೇಕಾಯ್ತು! ಈಗ ಅದೇ ಬುಟ್ಟಿ ಉತ್ಸವಗಳಲ್ಲಿ 'ಜಾನಪದ ಕಲೆ'. ಚೀಟಿಯಲ್ಲಿ ಜಾತಿ ಇರ್ತದೆ, ಹೆಸರು ಇರೋದಿಲ್ಲ.

ನರಿಮೊಗರಿನ ಗೆಳೆಯರೇ, ನಾವೇನು ಸಾಚಾಗಳಲ್ಲ. ಅಂಬೇಡ್ಕರ್ ಜಯಂತಿಯ ಅಲಂಕಾರಕ್ಕೆ ಬುಟ್ಟಿ ತಂದಾಗ 20 ರೂಪಾಯಿಗೆ ಚೌಕಾಸಿ ಮಾಡಿದವನು ನಾನೇ. ಮುಂದಿನ ಏಪ್ರಿಲ್ 14ಕ್ಕೆ ಬುಟ್ಟಿ ಮಾತ್ರ ಅಲ್ಲ, ಹೆಣೆದವರೂ ವೇದಿಕೆಗೆ ಬರಲಿ. ಹೆಸರು ಬರೆಯಿರಿ, ಕೇಳಿದ ಬೆಲೆ ಕೊಡಿ.

ಜೈ ಭೀಮ್.