ಹೊಗೆಕೊಳವೆ ಕೀಳುವ ಮುನ್ನ ತೇವದ ಮೂಲ ಹುಡುಕಬೇಕು

ಮಳೆಗಾಲ ಮುಗಿಯುವ ಹೊತ್ತಿಗೆ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂಥ ಊರುಗಳ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಂದು ಕಲೆ ಕಾಣಿಸಿಕೊಳ್ಳುವುದುಂಟು. ಒಲೆಯ ಹೊಗೆಕೊಳವೆ ಮಾಳಿಗೆಯನ್ನು ತೂರಿ ಹೊರಹೋಗುವ ಜಾಗದ ಸುತ್ತ ಗೋಡೆ ತೇವಗೊಂಡು, ಕಂದು ಗೆರೆಗಳು ಕೆಳಗಿಳಿಯುತ್ತವೆ. ಕೊಳವೆಯಿಂದಲೇ ಮನೆ ಸೋರುತ್ತಿದೆ ಎಂಬ ತೀರ್ಮಾನ ಆಗಲೇ ಆಗಿಬಿಡುತ್ತದೆ. ಕೊಳವೆ ಕಿತ್ತು ಕಂಡಿ ಮುಚ್ಚಿದರೆ ಹೊಗೆ ಮರಳಿ ಅಡುಗೆಮನೆಗೆ ಬರುತ್ತದೆ. ಸುತ್ತಲೂ ಸಿಮೆಂಟ್ ಮೆತ್ತಿದರೆ ತೇವ ಗೋಡೆಯೊಳಗೇ ಉಳಿಯುತ್ತದೆ. ಇದು ರೋಗ ತಿಳಿಯದೆ ಮದ್ದು ಕೊಟ್ಟಂತೆ.

ಹಳ್ಳಿಯ ಅಡುಗೆಮನೆಗೆ ಹೊಗೆಕೊಳವೆ ಸುಲಭವಾಗಿ ಬಂದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಕಡಿಮೆ ಕಟ್ಟಿಗೆಯಲ್ಲಿ ಬೇಯಿಸಿ ಹೊಗೆಯನ್ನು ಹೊರಗೆ ಕಳುಹಿಸುವ ದಾರಿ ತೋರಿತು. 2016ರ ಉಜ್ವಲ ಯೋಜನೆಯ ನಂತರ ಅನಿಲ ಬಂದರೂ, ನೀರು ಕಾಯಿಸಲು, ರೊಟ್ಟಿ ಸುಡಲು ಅನೇಕ ಮನೆಗಳಲ್ಲಿ ಕಟ್ಟಿಗೆ ಒಲೆ ಉರಿಯುತ್ತಲೇ ಇದೆ. ಅದರ ಮುಂದೆ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕೊಳವೆ ಕಿತ್ತರೆ ಗೋಡೆಯ ಕಲೆ ಅವರ ಶ್ವಾಸಕೋಶಕ್ಕೆ ವರ್ಗವಾಗುತ್ತದೆ, ಅಷ್ಟೇ.

ತೇವದ ಮೂಲ ಒಂದೇ ಅಲ್ಲ. ಅದು ಯಾವಾಗ ಕಾಣುತ್ತದೆ, ಯಾವ ಬಣ್ಣದ್ದು ಎಂದು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಮಳೆ ಬಿದ್ದ ಬೆನ್ನಲ್ಲೇ ಮಣ್ಣುಬಣ್ಣದ ನೀರು ಇಳಿದರೆ ದೋಷ ಮಾಳಿಗೆಯ ಸಂದಿನಲ್ಲಿದೆ. ಕೊಳವೆ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ಮೇಲಿನ ಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಎರಡರ ಚಲನೆಯೂ ಬೇರೆಯಾದ್ದರಿಂದ ನಡುವೆ ಬಿರುಕು ಸಹಜ. ಗಡುಸಾದ ಸಿಮೆಂಟ್ ಈ ಚಲನೆಯನ್ನು ತಾಳದೆ ತಾನೂ ಬಿರಿಯುತ್ತದೆ.

ಮಳೆಯಿಲ್ಲದ ಚಳಿಗಾಲದಲ್ಲೂ ಅಂಟಾದ, ಹೊಗೆ ನಾರುವ ಕಪ್ಪು-ಕಂದು ಕಲೆ ಮೂಡಿದರೆ ನೀರು ಬಂದದ್ದು ಒಲೆಯಿಂದಲೇ. ಪೂರ್ತಿ ಒಣಗಿದ ಒಂದು ಕಿಲೋ ಕಟ್ಟಿಗೆ ಉರಿದಾಗಲೂ ಸುಮಾರು ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಡುತ್ತದೆ. ಹಸಿ ಕಟ್ಟಿಗೆಯಾದರೆ ಇನ್ನೂ ಹೆಚ್ಚು. ತಣ್ಣನೆಯ ಕೊಳವೆಗೆ ತಾಗಿದ ಆವಿ ಹನಿಗಟ್ಟಿ, ಹೊಗೆಯ ಜಿಡ್ಡಿನೊಡನೆ ಇಳಿಯುತ್ತದೆ. ಇದಕ್ಕೆ ಮದ್ದು ಒಣಗಿದ ತೊಗರಿ ಕಟ್ಟಿಗೆ ಮತ್ತು ಆಗಾಗ ಕೊಳವೆಯ ಮಸಿ ತೆಗೆಯುವುದು.

ಮಳೆ ಬೀಳದಿದ್ದರೂ ಮೋಡ ಕವಿದ ದಿನ ಗೋಡೆ ಒದ್ದೆಯಾಗಿ, ಬಿಸಿಲಿಗೆ ಬಿಳಿ ಪುಡಿ ಬಿಟ್ಟರೆ ಅದು ಉಪ್ಪಿನ ಕೆಲಸ. ಗೋಡೆಯಲ್ಲಿ ಸೇರಿದ ಲವಣ ಗಾಳಿಯ ತೇವವನ್ನೇ ಹೀರುತ್ತದೆ. ಆ ಪುಡಿಯನ್ನು ಒಣಗಿದಾಗ ಗುಡಿಸಿ ತೆಗೆದು, ಕೆಟ್ಟ ಗಿಲಾವನ್ನು ಬದಲಿಸಬೇಕು.

ಸಂಶಯ ಉಳಿದರೆ ಬೇಸಿಗೆಯಲ್ಲಿ ಒಂದು ಪರೀಕ್ಷೆ ಸಾಕು. ಒಬ್ಬರು ಒಳಗೆ ನಿಂತು ನೋಡುತ್ತಿರಲಿ. ಇನ್ನೊಬ್ಬರು ಮಾಳಿಗೆಯ ಇಳಿಜಾರಿನ ಕೆಳಭಾಗದಿಂದ ಆರಂಭಿಸಿ ಮೇಲಕ್ಕೆ, ಒಂದೊಂದೇ ಕಡೆ ಕೊಡ ನೀರು ನಿಧಾನವಾಗಿ ಸುರಿಯಲಿ. ಎಲ್ಲಿ ಸುರಿದಾಗ ಒಳಗೆ ಹನಿಯಿತೋ ಅಲ್ಲಿಯೇ ದಾರಿಯಿದೆ.

ಸಂದಿನ ದೋಷಕ್ಕೆ ಪರಿಹಾರವೂ ದುಬಾರಿಯಲ್ಲ. ಕೊಳವೆಯ ಬುಡಕ್ಕೆ ಸುಣ್ಣದ ಗಾರೆಯ ಗೇಣೆತ್ತರದ ಕಟ್ಟೆ, ಅದರ ಮೇಲೆ ಕೊಳವೆಗೆ ಬಿಗಿದ ತಗಡಿನ ಕೊಡೆ, ತುದಿಗೆ ಬದಿಗಳು ತೆರೆದ ಟೊಪ್ಪಿಗೆ, ಮಾಳಿಗೆಗೆ ಸರಿಯಾದ ಇಳಿಜಾರು ಇದ್ದರೆ ಸಾಕು. ಹಳೆಯ ಕೊಳವೆ ಕಲ್ನಾರಿನದಾದರೆ ಅದನ್ನು ಕೊಯ್ಯುವುದು, ಒಡೆಯುವುದು ಸಲ್ಲದು. ಅದರ ಧೂಳು ಪ್ರಾಣಾಂತಿಕ. ಮಲೆನಾಡಿನ ಹೆಂಚಿನ ಮನೆಗೂ ಈ ಪಾಠ ಹೊಂದುತ್ತದೆ. ಅಲ್ಲಿ ಕೊಳವೆಯ ಹಿಂಬದಿ ತುಂಬಿದ ತರಗೆಲೆ ನೀರನ್ನು ತಡೆದು ಹೆಂಚಿನಡಿಗೆ ನುಗ್ಗಿಸುತ್ತದೆ.

ಒಲೆ ಕೊಟ್ಟು ಲೆಕ್ಕ ಬರೆದುಕೊಳ್ಳುವ ಯೋಜನೆಗಳು ಕೊಳವೆಯ ಬುಡವನ್ನು ನೋಡಿಕೊಳ್ಳುವ ಗೌಂಡಿಯನ್ನೂ ತಯಾರು ಮಾಡಬೇಕಾಗಿತ್ತು. ಆ ಕೊರತೆಯನ್ನು ಊರಿನ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತುಂಬಬಲ್ಲರು. ಒಂದು ಮಳೆಗಾಲ, ಒಂದು ಚಳಿಗಾಲ ತಮ್ಮ ಮನೆಯ ಕಲೆಯನ್ನು ದಿನಾಂಕ ಸಹಿತ ಬರೆದಿಟ್ಟರೆ, ಗೋಡೆ ತನ್ನ ರೋಗವನ್ನು ತಾನೇ ಹೇಳುತ್ತದೆ.