ತೋಳು ನಮ್ದು, ತೀರ್ಮಾನ ವಾಟ್ಸಾಪ್‌ದಾ? (ಭಾಗ 3)



2022ರ ಜನವರಿ 3ರಿಂದ 15–18 ವಯಸ್ಸಿನವರಿಗೆ ಕೊವ್ಯಾಕ್ಸಿನ್ ಶುರುವಾಗಿತ್ತು. 2007 ಅಥವಾ ಅದಕ್ಕೂ ಮೊದಲು ಹುಟ್ಟಿದವರೆಲ್ಲ ಆಗ ಹಾಕಿಸ್ಕೋಬಹುದಿತ್ತು. 28 ದಿನ ಆದಮ್ಯಾಲ ಎರಡನೇ ಡೋಸ್ ಇತ್ತು. ಸರ್ಕಾರಿ ಕೇಂದ್ರದಾಗ ಪುಕ್ಕಟೆ ಇತ್ತು.

ಆದ್ರ ಕಟ್ಟಿ ಮ್ಯಾಲ ದೊಡ್ಡವರ ಮಾತು ಬ್ಯಾರೆನೇ: "ಹುಡುಗ್ರಿಗೆ ಕೊರೊನಾ ಏನ್ ಮಾಡ್ತದ?" "ಸೂಜಿ ಹಾಕಿಸಿದ್ರ ಹೆಣ್ಮಕ್ಕಳಿಗೆ ಮುಂದ ಮಕ್ಕಳಾಗಂಗಿಲ್ಲಂತ!" ಯಾರು ಹೇಳಿದ್ರು? ವಾಟ್ಸಾಪ್. ಪುರಾವೆ? ಇಲ್ಲ.

ಹಿಂದ ಉತ್ತರ ಭಾರತದಾಗ ಪೋಲಿಯೊ ಹನಿ ಬಗ್ಗೆನೂ ಇದೇ ಬಂಜೆತನದ ಸುಳ್ಳು ಹಬ್ಬಿತ್ತು. ಸುಳ್ಳು ಸೋತಿತು, 2014ರಲ್ಲಿ ಭಾರತ ಪೋಲಿಯೊ ಮುಕ್ತ ಆಯ್ತು. ಆ ಹನಿ ನಮ್ಮ ಬಾಯಿಗೆ ಹಾಕಿಸಿದವರು ಇದೇ ಅಪ್ಪ-ಅವ್ವ. ಈಗ್ಯಾಕ ಅಂಜಿಕಿ?

"ಜ್ವರ ಬಂದ್ರ ನೋಡ್ಕೊಳ್ಳಾಕ ಮನ್ಯಾಗ ಕುಂತ್ರ ಕೂಲಿ ಹೋಗ್ತದ" ಅನ್ನೋದು ಮಾತ್ರ ಖರೇ ಚಿಂತಿ. ಅದಕ್ಕ ನಗಬ್ಯಾಡ್ರಿ. ಒಂದೆರಡು ದಿನ ಜ್ವರ, ಮೈನೋವು ಬರಬಹುದು ಅಂತ ಮೊದಲೇ ಹೇಳ್ರಿ. ಲಸಿಕೆ ಹಾಕಿಸಿದ್ರೂ ಸೋಂಕು ತಗಲಬಹುದು, ಅದನ್ನೂ ಮುಚ್ಚಿಡಬ್ಯಾಡ್ರಿ. ಆದ್ರ ರೋಗ ಜೋರಾಗಿ ದವಾಖಾನಿ ಸೇರೋ ಅಪಾಯ ಕಮ್ಮಿ ಆಗ್ತದ.

ಲಸಿಕೆ ಕಡ್ಡಾಯ ಅಲ್ಲ, ಯಾರೂ ಕೈ ಹಿಡಿದು ಎಳೆಯಂಗಿಲ್ಲ. ಅದಕ್ಕೇ ಮನ್ಯಾಗ ಮಾತಾಡೋ ಜವಾಬ್ದಾರಿ ನಮ್ದು. ಫಾರ್ವರ್ಡ್ ಮಾಡೋರಿಗೆ ಬಾಯಿ ಅದ, ನಮಗಿಲ್ಲೇನು?

#ಕೊಂಕಲ್ #ಯಾದಗಿರಿ #ಲಸಿಕೆ